ಎರೆಮಣ್ಣಿಗೆ ಬಚ್ಚಲ ನೀರು: ವಿಜಯಪುರದ ಒಂದು ಹಿತ್ತಲಿನಲ್ಲಿ ಮಾಡಿ ನೋಡಿದ್ದು

ಬಚ್ಚಲ ನೀರನ್ನು ಗಿಡಕ್ಕೆ ಬಿಡುವುದು ನಮ್ಮ ಕಡೆ ಹೊಸದೇನಲ್ಲ. ಹಳೆಯ ಮನೆಗಳ ಬಚ್ಚಲ ಮೋರಿಯ ತುದಿಗೆ ಒಂದು ಬಾಳೆಯೋ ಕರಿಬೇವೋ ಇದ್ದೇ ಇರುತ್ತಿತ್ತು. ಆಗ ಆ ನೀರಿನಲ್ಲಿ ಸೀಗೆಕಾಯಿ, ಕಡಲೆಹಿಟ್ಟು, ಒಂದಿಷ್ಟು ಮೈಸಾಬೂನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಈಗ ಬಟ್ಟೆ ತೊಳೆಯುವ ಪುಡಿ, ಫಿನಾಯಿಲ್, ಫರಸಿ ಉಜ್ಜುವ ಆಸಿಡ್, ಕೂದಲಿನ ಬಣ್ಣ ಎಲ್ಲವೂ ಅದೇ ಮೋರಿಗೆ ಬೀಳುತ್ತವೆ. ಆದ್ದರಿಂದ ಪೈಪು, ಡ್ರಮ್ಮು, ಫಿಲ್ಟರಿನ ಮಾತಿಗಿಂತ ಮೊದಲು ಸಾಬೂನಿನ ಮಾತು ಆಗಬೇಕು. ಕೂದಲು, ಮಣ್ಣು, ಜಿಡ್ಡನ್ನು ಖಡಿ-ಉಸುಕಿನ ಫಿಲ್ಟರು ಹಿಡಿಯುತ್ತದೆ. ನೀರಿನಲ್ಲಿ ಕರಗಿದ ಸೋಡಿಯಂ ಅದರೊಳಗಿಂದ ಹಾಗೇ ಹಾದುಹೋಗುತ್ತದೆ, ಮತ್ತು ಎರೆಮಣ್ಣನ್ನು ಕೆಡಿಸುವುದು ಅದೇ.

ಎರೆಮಣ್ಣಿನಲ್ಲಿ ಹೆಚ್ಚಿಗೆ ಇರುವುದು ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಅದರ ತೆಳು ಪದರುಗಳು ಒಂದಕ್ಕೊಂದು ಹೊಂದಿ ಕಾಳುಕಾಳಾಗಿ ನಿಲ್ಲುವುದು ಕ್ಯಾಲ್ಸಿಯಂ ಇರುವತನಕ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಪದರುಗಳು ಬಿಟ್ಟುಕೊಂಡು ಮಣ್ಣು ಹಸಿಯಿದ್ದಾಗ ಅಂಟಾಗುತ್ತದೆ, ಒಣಗಿದಾಗ ಗುದ್ದಲಿ ಹಾಕಿದರೂ ಏಳುವುದಿಲ್ಲ. ನೀರು ಮೇಲೆಯೇ ನಿಂತು ಬೇರಿಗೆ ಗಾಳಿ ಸಿಗದಂತಾಗುತ್ತದೆ. ಘಟಪ್ರಭಾ, ಮಲಪ್ರಭಾ ಕಾಲುವೆಗಳ ಕೆಳಗೆ ಉಪ್ಪೇರಿ, ನೀರು ನಿಂತು ಕೆಟ್ಟ ಸವಳು-ಜವಳು ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿತ್ತಲಿನಲ್ಲಿ ಅಂಥದೇ ಒಂದು ತುಂಡು ತಯಾರಾಗಲು ಕಾಲುವೆ ಬೇಕಿಲ್ಲ, ಬಟ್ಟೆ ತೊಳೆದ ಮೊದಲ ನೀರು ಎರಡು-ಮೂರು ಬೇಸಿಗೆ ಹರಿದರೆ ಸಾಕು.

ಇಲ್ಲಿ ಹೇಳುವ ವ್ಯವಸ್ಥೆ ಕೂಡಿಸಿದ್ದು ವಿಜಯಪುರದ ಹೊರವಲಯದ 40×60 ಅಡಿ ನಿವೇಶನದ ಮನೆಯಲ್ಲಿ. ಬಚ್ಚಲ ನೀರು ಪೈಪಿನಿಂದ ಒಂದು ಅರ್ಧ ಡ್ರಮ್ಮಿಗೆ ಬಂದು, ಅಲ್ಲಿಂದ ಗಿಡಗಳ ಬುಡದ ಕಸಕಡ್ಡಿ ಹೊದಿಸಿದ ಗುಂಡಿಗಳಿಗೆ ಇಳಿದು ಇಂಗುತ್ತದೆ. ಮನೆಯಲ್ಲಿ ನಾಲ್ಕು ಜನ. ಬಚ್ಚಲು ಬೇರೆ, ಶೌಚಾಲಯ ಬೇರೆ, ಎರಡರ ಪೈಪೂ ಬೇರೆ ಬೇರೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನ್ ಬಚ್ಚಲ ಪಕ್ಕದಲ್ಲಿದೆ. ಹಿಂದೆ 15 ಅಡಿ ಅಗಲದ ಹಿತ್ತಲು, ಎರಡಾಳು ಆಳದವರೆಗೂ ಎರೆಮಣ್ಣು. ಕುಡಿಯಲು, ಅಡುಗೆಗೆ ನಳದ ನೀರು. ಸ್ನಾನಕ್ಕೆ, ಬಟ್ಟೆಗೆ ಬೋರಿನದು. ಶೌಚಾಲಯ ಮತ್ತು ಬಚ್ಚಲ ನೀರು ಒಂದೇ ಪೈಪಿನಲ್ಲಿ ಕೂಡಿ ಹೊರಬರುವ ಮನೆಯಾದರೆ ಮುಂದಿನ ಯಾವ ಮಾತೂ ಅನ್ವಯಿಸುವುದಿಲ್ಲ. ಮೊದಲು ಪೈಪು ಬೇರೆ ಮಾಡಿಸಿಕೊಳ್ಳಬೇಕು. ಅದಾಗದಿದ್ದರೆ ಬಕೇಟಿನಲ್ಲಿ ಹಿಡಿದು ಹೊರುವುದೇ ದಾರಿ.

ಮೊದಲ ಕೆಲಸ ನೀರಿನ ಅಳತೆ. ಭಾರತೀಯ ಮಾನಕ ಐಎಸ್ 1172 ತಲಾ ದಿನಕ್ಕೆ 135 ಲೀಟರ್ ಹಿಡಿದು, ಅದರಲ್ಲಿ ಸ್ನಾನಕ್ಕೆ 55, ಬಟ್ಟೆಗೆ 20 ಎಂದು ಹಂಚುತ್ತದೆ. ನಳ ದಿನ ಬಿಟ್ಟು ದಿನ ಬರುವ ಕಡೆ, ಬಕೇಟು-ತಂಬಿಗೆಯ ಸ್ನಾನದಲ್ಲಿ ಅಷ್ಟು ಖರ್ಚಾಗುವುದಿಲ್ಲ. 20 ಲೀಟರಿನ ಬಕೇಟು ಒಂದೂವರೆ, ಅಂದರೆ ತಲಾ 30. ನಾಲ್ವರಿಗೆ ದಿನಕ್ಕೆ 120 ಲೀಟರ್. ಬಟ್ಟೆ ದಿನ ಬಿಟ್ಟು ದಿನ: ಮಷೀನಿನ ತೊಟ್ಟಿಗೆ 40 ಲೀಟರ್, ಮೂರು ಸಲ. ಮಾನಕದ ಅಂಕಿ ಹಿಡಿದು ಗುಂಡಿ ತೋಡಿದರೆ ಗುಂಡಿ ವ್ಯರ್ಥ ದೊಡ್ಡದಾಗುತ್ತದೆ, ಗಿಡ ಹೆಚ್ಚಾಗುತ್ತವೆ, ಏಪ್ರಿಲಿನಲ್ಲಿ ಅವೇ ಒಣಗುತ್ತವೆ. ತಮ್ಮ ಮನೆಯ ಬಕೇಟು ತಾವೇ ಎಣಿಸಬೇಕು.

ಈಗ ಸಾಬೂನಿನ ಲೆಕ್ಕ. ಮೈಸಾಬೂನು ಕೊಬ್ಬಿನಾಮ್ಲದ ಸೋಡಿಯಂ ಲವಣ. ಅದರ ತೂಕದಲ್ಲಿ ಸೋಡಿಯಂ ಶೇಕಡ 7–8. ಒಬ್ಬರು ಒಂದು ಸ್ನಾನಕ್ಕೆ 6 ಗ್ರಾಂ ಸವೆಸಿದರೆ ನಾಲ್ವರಿಂದ 24 ಗ್ರಾಂ, ಅದರಲ್ಲಿ ಸೋಡಿಯಂ ಎರಡು ಗ್ರಾಂ ಒಳಗೆ. 120 ಲೀಟರಿಗೆ ಹಂಚಿದರೆ ಲೀಟರಿಗೆ 15 ಮಿಲಿಗ್ರಾಂ ಆಸುಪಾಸು. ಇದು ಹೆದರುವ ಮೊತ್ತವಲ್ಲ. ಬಟ್ಟೆ ಪುಡಿಯದು ಬೇರೆಯೇ ಕತೆ. ಅಗ್ಗದ ಪುಡಿಯಲ್ಲಿ ದೊಡ್ಡ ಪಾಲು ವಾಷಿಂಗ್ ಸೋಡಾ ಮತ್ತು ತೂಕಕ್ಕೆಂದು ಬೆರೆಸಿದ ಸೋಡಿಯಂ ಸಲ್ಫೇಟ್. ಪುಡಿಯ ಐದನೇ ಒಂದು ಭಾಗ ಸೋಡಿಯಂ ಎಂದು ಹಿಡಿದರೂ 75 ಗ್ರಾಂ ಪುಡಿಗೆ 15 ಗ್ರಾಂ. 40 ಲೀಟರಿನ ಮೊದಲ ತೊಟ್ಟಿಯಲ್ಲಿ ಲೀಟರಿಗೆ 375 ಮಿಲಿಗ್ರಾಂ ಆಯಿತು. ಹಿಂಡದ ಬಟ್ಟೆ ಸುಮಾರು 6 ಲೀಟರ್ ಹಿಡಿದುಕೊಂಡು ಮುಂದಿನ ತೊಟ್ಟಿಗೆ ಹೋಗುತ್ತದೆ. ಆಗ ಮೊದಲು ಜಾಲಿಸಿದ ನೀರಿನಲ್ಲಿ ಲೀಟರಿಗೆ 55, ಎರಡನೆಯ ಸಲದ್ದರಲ್ಲಿ 10ಕ್ಕೂ ಕಡಿಮೆ. ನೀರಿನಲ್ಲಿ ಮೊದಲೇ ಇರುವ ಸೋಡಿಯಂ ಇದಕ್ಕೆ ಕೂಡಿಕೊಳ್ಳುತ್ತದೆ ಅನ್ನುವುದನ್ನು ಮರೆಯಬಾರದು.

ತೀರ್ಮಾನ ಈ ಲೆಕ್ಕದಲ್ಲೇ ಇದೆ: ಬಟ್ಟೆಯ ಮೊದಲ ನೀರು ಗಟಾರಕ್ಕೆ, ಜಾಲಿಸಿದ ಎರಡೂ ನೀರು ಗಿಡಕ್ಕೆ. ಸೆಮಿ ಆಟೋಮ್ಯಾಟಿಕ್ ಮಷೀನಿನಲ್ಲಿ ಇದು ಸುಲಭ, ನೀರು ಬಿಡುವ ನಾಬ್ ನಮ್ಮ ಕೈಯಲ್ಲೇ ಇರುತ್ತದೆ. ಹೊರಹೋಗುವ ಪೈಪನ್ನು ಮೊದಲ ಸಲ ಮೋರಿಗೆ, ಆಮೇಲೆ ಬಚ್ಚಲಿಗೆ ತಿರುಗಿಸಿದರಾಯಿತು. ಪೂರ್ತಿ ಆಟೋಮ್ಯಾಟಿಕ್ ಆದರೆ ಮೂರೂ ನೀರು ಒಂದೇ ಪೈಪಿನಲ್ಲಿ ಬರುತ್ತವೆ. ಮಷೀನಿನ ಮುಂದೆ ಕಾಯುವವರು ಯಾರೂ ಇಲ್ಲದಿದ್ದರೆ ಆ ನೀರನ್ನು ಬಿಟ್ಟೇಬಿಡುವುದು ಮೇಲು. ಪುಡಿಯ ಬದಲು ದ್ರವರೂಪದ ಡಿಟರ್ಜೆಂಟ್ ಬಳಸಿದರೆ ಸೋಡಾ ಹೊರೆ ಬಹಳ ಇಳಿಯುತ್ತದೆ. ಅಂಟುವಾಳದ ಕಾಯಿ ಎಲ್ಲಕ್ಕಿಂತ ಒಳ್ಳೆಯದು, ಆದರೆ ಬೋರಿನ ಗಡಸು ನೀರಿನಲ್ಲಿ ಬಿಳಿ ಬಟ್ಟೆ ಅದರಿಂದ ಬೆಳ್ಳಗಾಗುವುದಿಲ್ಲ, ಇದ್ದದ್ದು ಇದ್ದಹಾಗೆ ಹೇಳಬೇಕು. ಭಾಂಡೆಗೆ ಬೂದಿ ಬಳಸುವವರು ನೀರನ್ನು ಗಿಡಕ್ಕೆ ಬಿಡುವ ಮುನ್ನ ಯೋಚಿಸಬೇಕು: ಬೂದಿಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು, ಅದು ಸರಿ, ಆದರೆ ಅದೂ ಕ್ಷಾರವೇ, ನಮ್ಮ ಮಣ್ಣಿನ ರಸಸಾರ (ಪಿಎಚ್) ಮೊದಲೇ 8ರ ಮೇಲಿದೆ.

ಮಣ್ಣಿನ ಪರೀಕ್ಷೆ ಎರಡು ಮಾಡಿದ್ದೆವು, ಎರಡಕ್ಕೂ ಕಾಸಿನ ಖರ್ಚಿಲ್ಲ. ಒಂದು, ಹೆಂಟೆ ಪರೀಕ್ಷೆ. ಒಣ ಹೆಂಟೆಯ ಗೋಲಿಯಷ್ಟು ದೊಡ್ಡ ತುಂಡನ್ನು ಗಾಜಿನ ಲೋಟದ ಮಳೆ ನೀರಿನಲ್ಲಿ ಅಲುಗಿಸದೆ ಇಳಿಬಿಡುವುದು. ಎರಡು ಗಂಟೆಯಲ್ಲಿ ಹೆಂಟೆ ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಮಣ್ಣು ಚೆನ್ನಾಗಿದೆ. ಹೆಂಟೆಯ ಸುತ್ತ ಹಾಲಿನ ಬಣ್ಣದ ಮಬ್ಬು ಹರಡಿದರೆ ಸೋಡಿಯಂ ಈಗಾಗಲೇ ಕೂತಿದೆ. ನಳದ್ದೋ ಬೋರಿನದೋ ನೀರು ಬಳಸಬಾರದು. ಅದರಲ್ಲಿನ ಲವಣಗಳೇ ಜೇಡಿಯನ್ನು ಹಿಡಿದು ಕೂಡಿಸಿಬಿಟ್ಟು ಕೆಟ್ಟ ಮಣ್ಣೂ ಒಳ್ಳೆಯದೆಂದು ತೋರುತ್ತದೆ. ಮಳೆ ನೀರಿಲ್ಲದಿದ್ದರೆ ಏಸಿಯಿಂದ ತೊಟ್ಟಿಕ್ಕುವ ನೀರು, ಇಲ್ಲವೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದೀತು. ಅಂಕಿ-ಸಂಖ್ಯೆಯೇ ಬೇಕಾದವರಿಗೆ ಹಿಟ್ನಳ್ಳಿ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರವಿದೆ. ವರದಿಯಲ್ಲಿ ವಿನಿಮಯ ಸೋಡಿಯಂ, ಅಂದರೆ ಜೇಡಿಗೆ ಅಂಟಿಕೊಂಡ ಸೋಡಿಯಂನ ಪಾಲು, ಶೇಕಡ 15 ದಾಟಿದರೆ ಕ್ಷಾರ ಮಣ್ಣು ಎಂದು ಬರೆಯುತ್ತಾರೆ; ಎರೆಮಣ್ಣು ಅದಕ್ಕಿಂತ ಬಹಳ ಕೆಳಗೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತದೆ.

ಇನ್ನೊಂದು ಇಂಗುವ ಪರೀಕ್ಷೆ. ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ, ಗಂಟೆಗೆ ಎಷ್ಟು ಇಳಿಯಿತೆಂದು ಪಟ್ಟಿ ಹಿಡಿದು ನೋಡುವುದು. ಬೇಸಿಗೆಯಲ್ಲಿ ಇದನ್ನು ನೇರವಾಗಿ ಮಾಡಿದರೆ ಎರೆಮಣ್ಣು ಮೋಸ ಮಾಡುತ್ತದೆ: ನೆಲ ಬಿರುಕುಬಿಟ್ಟಿರುತ್ತದೆ, ಎರಡು ಕೊಡ ನೀರು ಕಣ್ಣೆದುರೇ ಮಾಯವಾಗುತ್ತದೆ, "ನಮ್ಮ ಮಣ್ಣು ಭಾಳ ನೀರು ಕುಡೀತದ" ಅನ್ನಿಸುತ್ತದೆ. ಬಿರುಕು ಮುಚ್ಚಿಕೊಂಡ ಮೇಲಿನ ವೇಗವೇ ನಿಜವಾದ ವೇಗ. ಹಿಂದಿನ ದಿನ ಸಂಜೆ ಗುಂಡಿ ತುಂಬಿ, ರಾತ್ರಿ ಮತ್ತೊಮ್ಮೆ ತುಂಬಿ, ಬೆಳಿಗ್ಗೆ ಮೂರನೆಯ ಸಲ ತುಂಬಿದ ನೀರನ್ನು ಅಳೆಯಬೇಕು. ಇಲ್ಲಿ ಬಂದದ್ದು ಗಂಟೆಗೆ 5 ಮಿಲಿಮೀಟರ್. ದಿನದ 120 ಲೀಟರನ್ನು 5 ಚದರ ಮೀಟರ್ ತಳಕ್ಕೆ ಹರಡಿದರೆ 24 ಮಿಲಿಮೀಟರ್ ನಿಲ್ಲುತ್ತದೆ, ಐದು ಗಂಟೆಯಲ್ಲಿ ಇಂಗುತ್ತದೆ. ಬೆಳಗಿನ ಸ್ನಾನದ ನೀರು ಮಧ್ಯಾಹ್ನದ ಹೊತ್ತಿಗೆ ಕಾಣಬಾರದು ಎಂಬುದು ಗುರಿ, ಹಾಗಾಗಿ ಗುಂಡಿಗಳ ಒಟ್ಟು ತಳ 5 ಚದರ ಮೀಟರ್ ಎಂದು ನಿಶ್ಚಯವಾಯಿತು.

ಜಾಗದ ವಿಷಯದಲ್ಲಿ ಎರೆಮಣ್ಣಿಗೆ ಒಂದು ಕಟ್ಟುನಿಟ್ಟಿದೆ. ಗೋಡೆಯ ಒಂದು ಬದಿ ಯಾವಾಗಲೂ ಹಸಿ, ಇನ್ನೊಂದು ಬದಿ ಒಣ ಎಂದಾದರೆ ಬುನಾದಿಯ ಕೆಳಗಿನ ಮಣ್ಣು ಒಂದು ಕಡೆ ಉಬ್ಬಿ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಮನೆಯ ಪಾಯದಿಂದ ಗುಂಡಿಯ ಅಂಚು 3 ಮೀಟರ್ ದೂರ ಇರಲೇಬೇಕು. 15 ಅಡಿಯ ಹಿತ್ತಲಿನಲ್ಲಿ 3 ಮೀಟರ್ ಬಿಟ್ಟು, ಒಂದು ಮೀಟರ್ ಅಗಲದ ಗುಂಡಿ ತೋಡಿದರೆ ಕಾಂಪೌಂಡಿಗೆ ಅರ್ಧ ಮೀಟರ್ ಉಳಿಯುತ್ತದೆ. ಆ ಕಡೆಯ ಅಂಚಿಗೆ ದಪ್ಪ ತಾಡಪತ್ರಿಯನ್ನು ಎರಡು ಅಡಿ ಆಳಕ್ಕೆ ನಿಲ್ಲಿಸಿ ಮಣ್ಣು ಮುಚ್ಚಿದೆವು. ಕುಡಿಯುವ ನೀರಿನ ಸಂಪು ಹಿತ್ತಲಿನಲ್ಲೇ ಇರುವ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಬಚ್ಚಲಿನಿಂದ ಹೊರಬರುವುದು 75 ಎಂಎಂ ಪಿವಿಸಿ ಪೈಪು. ಬಚ್ಚಲ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿನಲ್ಲಿ ಎರಡು ಇಂಚು ನೀರು ನಿಂತಿರಬೇಕು, ಅದೇ ವಾಸನೆ ತಡೆಯುವ ಬಾಗಿಲು. ನೀರು ಬೇಗ ಹರಿಯಲೆಂದು ಅದನ್ನು ತೆಗೆಸುವವರಿದ್ದಾರೆ, ಮಾಡಬಾರದು. ಗೋಡೆಯ ಹೊರಗೆ ಮೂರು ಬಾಯಿಯ ಒಂದು ಟಿ ಜೋಡಣೆ ಕೂಡಿಸಿ, ಒಂದು ಬಾಯಿ ಗಟಾರಕ್ಕೆ, ಇನ್ನೊಂದು ಡ್ರಮ್ಮಿಗೆ. 75 ಎಂಎಂ ವಾಲ್ವ್ ತುಟ್ಟಿ, ಕೂದಲು ಸಿಕ್ಕಿ ಬಿಗಿಯಾಗಿ ಮುಚ್ಚುವುದೂ ಇಲ್ಲ. ಒತ್ತಿ ಕೂಡಿಸುವ ಎಂಡ್ ಕ್ಯಾಪ್ ಒಂದೇ ಸಾಕು, ಬೇಡದ ಬಾಯಿಗೆ ಅದನ್ನು ಹಾಕುವುದು. ಗಮ್ ಹಚ್ಚಬಾರದು, ಸ್ವಲ್ಪ ಗ್ರೀಸ್ ಸವರಿದರೆ ಕೈಯಿಂದಲೇ ಬರುತ್ತದೆ.

ವಾಟದ, ಅಂದರೆ ಪೈಪಿನ ಇಳಿಜಾರಿನ, ಬಗ್ಗೆ ಗವಂಡಿಯ (ಮೇಸ್ತ್ರಿಯ) ಜೊತೆ ಮಾತಾಗದೆ ಇರುವುದಿಲ್ಲ.

"ಹತ್ತು ಫೂಟಿಗೆ ಒಂದು ಇಂಚು ವಾಟ ಸಾಕ್ರೀ ಸಾಹೇಬ್ರ, ನೀರು ತಾನ ಹರೀತದ."

"ನೀರು ಹರೀತದಪಾ, ಕೂದಲ ಹರಿಯೂದಿಲ್ಲ. ಎರಡೂವರಿ ಇಂಚು ಕೊಡು."

50ಕ್ಕೆ 1 ಎಂಬುದು ನಿಯಮ: 3 ಮೀಟರ್ ಪೈಪಿಗೆ 6 ಸೆಂಟಿಮೀಟರ್ ಇಳಿತ. ಬೋರಿನ ಗಡಸು ನೀರಿಗೆ ಸಾಬೂನು ಸೇರಿದಾಗ ಬೂದು ಬಣ್ಣದ ಒಂದು ಜಿಡ್ಡು ಒಡೆದು ತೇಲುತ್ತದೆ. ಕಡಿಮೆ ವಾಟದಲ್ಲಿ ಅದು ಕೂದಲಿನ ಜೊತೆ ಹೆಣೆದುಕೊಂಡು ಪೈಪಿನ ತಳಕ್ಕೆ ಅಂಟುತ್ತದೆ.

ಡ್ರಮ್ಮಿನ ಎತ್ತರ ಈ ಇಡೀ ಕೆಲಸದ ಕಷ್ಟದ ಜಾಗ. 200 ಲೀಟರಿನ ನೀಲಿ ಡ್ರಮ್ಮು ಮೂರು ಅಡಿ ಎತ್ತರ. ಬಚ್ಚಲ ಪೈಪು ನೆಲದಿಂದ ಒಂದೇ ಅಡಿ ಮೇಲೆ. ಪೂರ್ತಿ ಡ್ರಮ್ಮನ್ನು ಹೂತರೆ ನೀರು ಹೊರಹೋಗುವ ಬಾಯಿ ಗುಂಡಿಗಿಂತ ಕೆಳಗೆ ಹೋಗುತ್ತದೆ, ಆಮೇಲೆ ಪಂಪು ಬೇಕು, ಪಂಪಿಗೆ ಕೂದಲು ಸಿಕ್ಕುತ್ತದೆ. ಆದ್ದರಿಂದ ಡ್ರಮ್ಮನ್ನು ನಡುವೆ ಕೊಯ್ದು ಕೆಳಗಿನ ಅರ್ಧ, 45 ಸೆಂಟಿಮೀಟರಿನದು, ಮಾತ್ರ ಬಳಸಿದೆವು. ಅದರಲ್ಲಿ 25 ಸೆಂಟಿಮೀಟರ್ ನೆಲದೊಳಗೆ, 20 ಮೇಲೆ. ಬಚ್ಚಲ ಪೈಪು ಡ್ರಮ್ಮಿನ ಹತ್ತಿರ ಬರುವಾಗ ನೆಲದಿಂದ 24 ಸೆಂಟಿಮೀಟರ್ ಮೇಲಿರುತ್ತದೆ, ಅಂಚು ದಾಟಿ ಒಳಗೆ ಬಾಗುತ್ತದೆ. ಹೊರಹೋಗುವ 40 ಎಂಎಂ ಬಾಯಿ ಡ್ರಮ್ಮಿನ ತಳದಿಂದ 8 ಸೆಂಟಿಮೀಟರ್ ಮೇಲೆ, ಅಂದರೆ ನೆಲಮಟ್ಟದಿಂದ 17 ಕೆಳಗೆ. ಅಲ್ಲಿಂದ 6 ಮೀಟರ್ ಪೈಪು 100ಕ್ಕೆ 1ರ ವಾಟದಲ್ಲಿ ಹೋದರೆ ಗುಂಡಿಯ ಹತ್ತಿರ 23 ಸೆಂಟಿಮೀಟರ್ ಆಳದಲ್ಲಿರುತ್ತದೆ. ಗುಂಡಿ 35 ಸೆಂಟಿಮೀಟರ್ ಆಳ. ಉಳಿದ 12 ಸೆಂಟಿಮೀಟರ್ ನೀರು ಗಾಳಿಯಲ್ಲಿ ಬೀಳುವ ಜಾಗ. ಅದನ್ನು ಕಳೆದುಕೊಂಡರೆ ಬೇರು ಪೈಪಿನೊಳಗೆ ನುಗ್ಗುತ್ತದೆ. ಡ್ರಮ್ಮಿನ ಮೇಲಂಚಿನಿಂದ 7 ಸೆಂಟಿಮೀಟರ್ ಕೆಳಗೆ ಹೆಚ್ಚುವರಿ ನೀರಿಗೆ 75 ಎಂಎಂ ಬಾಯಿ, ಅದು ಗಟಾರಕ್ಕೆ. ಎರಡು ಬಾಯಿಗಳ ನಡುವೆ ಹಿಡಿಯುವುದು 75 ಲೀಟರ್ ಚಿಲ್ಲರೆ. ನಾಲ್ವರೂ ಒಂದರ ಹಿಂದೊಂದು ಸ್ನಾನ ಮಾಡಿದರೂ ಇಷ್ಟು ಸಾಕು, ಏಕೆಂದರೆ ನೀರು ಒಂದು ಕಡೆ ಬರುತ್ತಿದ್ದಂತೆ ಇನ್ನೊಂದು ಕಡೆ ಹೋಗುತ್ತಿರುತ್ತದೆ.

ಡ್ರಮ್ಮಿನ ಸುತ್ತ ಎರೆಮಣ್ಣನ್ನೇ ತುಂಬಬಾರದು. ಮಳೆಗಾಲದಲ್ಲಿ ಉಬ್ಬಿ ಪ್ಲಾಸ್ಟಿಕ್ಕನ್ನು ಅಮುಕಿ ಬಾಯಿಯ ಜೋಡಣೆ ಬಿಡಿಸುತ್ತದೆ. ಸುತ್ತಲೂ ಅರ್ಧ ಅಡಿ ಗರಸು ತುಂಬಿ ಒತ್ತಿದರೆ ಆ ಕಾಟ ಇಲ್ಲ.

ಈ ಡ್ರಮ್ಮು ಸಂಗ್ರಹಕ್ಕಲ್ಲ, ನೀರಿನ ವೇಗ ಮುರಿದು ಕಸ ತಳಕ್ಕೆ ಇಳಿಸಲು. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬು ಎಂಬ ಕೆರೆಯ ಕಡೆಯಿಂದ ವಿಜಯಪುರಕ್ಕೆ ನೀರು ತಂದ ಮಣ್ಣಿನ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿದ್ದೂ ಇದಕ್ಕೇ: ಒತ್ತಡ ತಗ್ಗಬೇಕು, ರಾಡಿ ಅಲ್ಲೇ ಕೂಡಬೇಕು. ತಲಾಬು 1651ರದು. ಬಚ್ಚಲ ನೀರನ್ನು ಮಾತ್ರ 24 ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ಅದರಲ್ಲಿನ ಮೈಕೊಳೆ, ಜಿಡ್ಡನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕ ತೀರಿದ ಮೇಲೆ ಗಂಧಕದ ಅನಿಲ ಬಿಡುತ್ತವೆ, ಕೊಳೆತ ತತ್ತಿಯ ನಾತ ಶುರುವಾಗುತ್ತದೆ. ತಳದ 8 ಸೆಂಟಿಮೀಟರಿನಲ್ಲಿ ಸುಮಾರು 20 ಲೀಟರ್ ಯಾವಾಗಲೂ ಉಳಿಯುತ್ತದಲ್ಲ, ಅದನ್ನು ವಾರಕ್ಕೊಮ್ಮೆ ಮಗ್ಗಿನಿಂದ ಎತ್ತಿ ಗಟಾರಕ್ಕೆ ಸುರಿಯಬೇಕು. ಕೊಳಕು ನೀರಿಗೇ ಬರುವ ಕ್ಯುಲೆಕ್ಸ್ ಸೊಳ್ಳೆ ನಮ್ಮ ಬೇಸಿಗೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು 7ರಿಂದ 10 ದಿನ. ವಾರ ತಪ್ಪಿದರೆ ಸೊಳ್ಳೆಯೇ ನೆನಪು ಮಾಡಿಕೊಡುತ್ತದೆ. ಮುಚ್ಚಳ ಬಿಗಿಯಾಗಿರಲಿ, ಗಾಳಿ ತೂತಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿರಲಿ.

ಒಳಬರುವ ಪೈಪಿನ ಬಾಯಿಗೆ ಈರುಳ್ಳಿ ಚೀಲದ ನೈಲಾನ್ ಬಲೆ ಎರಡು ಮಡಿಕೆ ಕಟ್ಟಿದರೆ ಕೂದಲು ಅಲ್ಲೇ ನಿಲ್ಲುತ್ತದೆ. ವಾರಕ್ಕೆ ಎರಡು ಸಲ ಕೈಗವಸು ಹಾಕಿ ತೆಗೆಯಬೇಕು. ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಎರಡೇ ದಿನಕ್ಕೆ ಜಿಡ್ಡು ಕಟ್ಟಿಕೊಳ್ಳುತ್ತದೆ. ಖಡಿ-ಉಸುಕಿನ ಫಿಲ್ಟರು ನಾವು ಬೇಕೆಂದೇ ಮಾಡಲಿಲ್ಲ. ಉಸುಕಿನ ಮೇಲ್ಪದರ ಸಾಬೂನಿನ ಜಿಡ್ಡಿನಿಂದ ತಿಂಗಳೊಳಗೆ ಮುಚ್ಚುತ್ತದೆ, ಕೆರೆದು ತೊಳೆಯಲು ಮತ್ತೆ ಒಳ್ಳೆಯ ನೀರೇ ಬೇಕು. ಗುಂಡಿಯಲ್ಲಿನ ಕಸಕಡ್ಡಿಯ ಹೊದಿಕೆ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ತಾನೂ ಗೊಬ್ಬರವಾಗುತ್ತದೆ.

ಡ್ರಿಪ್ ಕೂಡ ಬೇಡ. ಅದರ ಕಣ್ಣು ಒಂದು ಮಿಲಿಮೀಟರಿನಷ್ಟು. ಜಿಡ್ಡಿಗೆ ವಾರ ಸಾಕು. 40 ಎಂಎಂ ಪೈಪನ್ನೇ ಟಿ ಹಾಕಿ ಕವಲೊಡೆಸಿದೆವು: ಮೊದಲ ಟಿಯಲ್ಲಿ ಅರ್ಧ ನೀರು ಬಾಳೆಗೆ, ಉಳಿದರ್ಧ ಇನ್ನೊಂದು ಟಿಯಲ್ಲಿ ನುಗ್ಗೆಗೂ ದಾಳಿಂಬೆಗೂ. ಗುಂಡಿಗಳೂ ಅದೇ ಲೆಕ್ಕ: ಬಾಳೆಗೆ ಎರಡೂವರೆ ಮೀಟರ್ ಉದ್ದ, ಮಿಕ್ಕವಕ್ಕೆ ಒಂದೂಕಾಲು ಮೀಟರ್, ಎಲ್ಲಕ್ಕೂ ಅಗಲ ಒಂದು ಮೀಟರ್. ಟಿ ಕೂಡಿಸುವಾಗ ಎರಡೂ ಕವಲು ಒಂದೇ ಮಟ್ಟದಲ್ಲಿರಬೇಕು. ಒಂದು ಕಡೆ ಎರಡು ಮಿಲಿಮೀಟರ್ ತಗ್ಗಿದರೂ ಸಣ್ಣ ಹರಿವೆಲ್ಲ ಆ ಕಡೆಗೇ. ಕಣ್ಣಳತೆ ನಂಬದೆ ಗವಂಡಿಯ ಟ್ಯೂಬ್ ಲೆವೆಲ್ ಹಿಡಿಯಬೇಕು, ಟಿಯ ಕೆಳಗೆ ಒಂದು ಇಟ್ಟಿಗೆ ಕೂಡಿಸಿ ಗಾರೆ ಹಾಕಬೇಕು. ಇಲ್ಲದಿದ್ದರೆ ಮೊದಲ ಮಳೆಗೆ ಮಣ್ಣು ಉಬ್ಬಿ ಮಟ್ಟ ತಪ್ಪುತ್ತದೆ. ಪ್ರತಿ ಕವಲಿನ ತುದಿಗೆ ತಳ ಒಡೆದ ಹಳೆಯ ಮಣ್ಣಿನ ಕೊಡವನ್ನು ಬೋರಲು ಹಾಕಿ, ಅದರ ಪಕ್ಕ ಕೊರೆದ ತೂತಿನಿಂದ ಪೈಪನ್ನು ಒಳಗೆ ಬಿಟ್ಟು, ಮೇಲಿನ ಬಾಯಿಗೆ ಫರಸಿಯ ತುಂಡು ಮುಚ್ಚಿದೆವು. ಕಸ ಪೈಪಿಗೆ ಸೇರುವುದಿಲ್ಲ. ಫರಸಿ ಎತ್ತಿದರೆ ನೀರು ಬರುತ್ತಿದೆಯೋ ಇಲ್ಲವೋ ಕಾಣುತ್ತದೆ.

ಹೊದಿಕೆಗೆ ತಳದಲ್ಲಿ ಗೇಣುದ್ದ ಕತ್ತರಿಸಿದ ತೊಗರಿ ಕಟ್ಟಿಗೆ, ಅದರ ಮೇಲೆ ಗೋವಿನಜೋಳದ ಬೆಂಡು, ಎಲ್ಲಕ್ಕೂ ಮೇಲೆ ಕಬ್ಬಿನ ರವದಿ (ಒಣ ಎಲೆ). ರವದಿ ಎರಡು ತಿಂಗಳಿಗೆ ಕರಗುತ್ತದೆ, ತೊಗರಿ ಕಟ್ಟಿಗೆ ವರ್ಷ ತಡೆಯುತ್ತದೆ. ಶೇಂಗಾ ಸಿಪ್ಪೆ ತೇಲಿ ಒಂದೇ ಕಡೆ ಗುಡ್ಡೆಯಾಗುತ್ತದೆ, ಉಪಯೋಗವಿಲ್ಲ. ಒಣ ಕಡ್ಡಿ ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುವುದುಂಟು. ಮೊದಲಿಗೇ ಒಂದೊಂದು ಬುಟ್ಟಿ ಸೆಗಣಿ ಗೊಬ್ಬರ ಬೆರೆಸಿದರೆ ಆಯಿತು. ಗೆದ್ದಲು ಬರುತ್ತದೆ, ಆದ್ದರಿಂದ ಕಾಂಡದಿಂದ ಒಂದು ಗೇಣು ಜಾಗ ಖಾಲಿ ಬಿಡಬೇಕು. ಬಾಳೆಯನ್ನು ಗುಂಡಿಯ ಒಳಗೇ ನೆಡಬಹುದು. ನುಗ್ಗೆ, ದಾಳಿಂಬೆಯ ಬುಡಕ್ಕೆ ನೀರು ನಿಂತರೆ ಕೊಳೆತುಹೋಗುತ್ತವೆ. ಅವನ್ನು ಗುಂಡಿಯ ಅಂಚಿನ ದಿಬ್ಬದ ಮೇಲೆ ನೆಟ್ಟು ಬೇರು ನೀರಿನ ಕಡೆ ಹೋಗುವಂತೆ ಬಿಡಬೇಕು.

ಗಿಡದ ಆಯ್ಕೆ ಹೀಗೆ: ಬಾಳೆ, ಪಪ್ಪಾಯಿ, ನುಗ್ಗೆ, ತೆಂಗು, ದಾಳಿಂಬೆ, ದಾಸವಾಳ, ಕಣಗಲ ಈ ನೀರಿಗೆ ಹೊಂದುತ್ತವೆ. ದಾಳಿಂಬೆ ಉಪ್ಪನ್ನು ಹಲವು ಹಣ್ಣಿನ ಗಿಡಗಳಿಗಿಂತ ಹೆಚ್ಚು ತಾಳುತ್ತದೆ. ನಿಂಬೆ ಒಲ್ಲದು. ಇಂಡಿಯ ನಿಂಬೆಗೆ ಹೆಸರಾದ ಜಿಲ್ಲೆಯಲ್ಲಿ ಹಿತ್ತಲಿಗೊಂದು ನಿಂಬೆ ಇಲ್ಲದಿದ್ದರೆ ನಡೆಯದು, ಸರಿ, ಆದರೆ ಅದಕ್ಕೆ ಒಳ್ಳೆಯ ನೀರನ್ನೇ ಕೊಡಬೇಕು. ಮೆಂತ್ಯ, ಕೊತ್ತಂಬರಿ, ರಾಜಗಿರಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಯಂಥ ಹಸಿ ತಿನ್ನುವ, ನೆಲಕ್ಕೆ ತಾಗುವ ಯಾವ ಪಲ್ಯೆಗೂ ಬಚ್ಚಲ ನೀರು ಬೇಡ. ಮೈ ತೊಳೆದ ನೀರಿನಲ್ಲಿ ಮಲದ ಸೂಕ್ಷ್ಮಜೀವಿಗಳೂ ಇರುತ್ತವೆ. ಅದೇ ಕಾರಣಕ್ಕೆ ಪೈಪಿನಿಂದ ಸಿಂಪಡಿಸುವುದು, ಮಕ್ಕಳು ಆಡುವ ಅಂಗಳಕ್ಕೆ ಹರಿಸುವುದು ಬೇಡ. ನೀರು ಹೊದಿಕೆಯ ಕೆಳಗೇ ಇರಬೇಕು.

ಎಂಡ್ ಕ್ಯಾಪನ್ನು ಗಟಾರದಿಂದ ತೆಗೆದು ಡ್ರಮ್ಮಿನ ಕಡೆ ಹಾಕಬೇಕಾದ ದಿನಗಳು: ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಇದ್ದಾಗ, ಕೂಸಿನ ಲಂಗೋಟಿ ತೊಳೆದಾಗ, ಆಸಿಡ್ ಅಥವಾ ಬ್ಲೀಚಿಂಗ್ ಹಾಕಿ ಬಚ್ಚಲು ಉಜ್ಜಿದಾಗ, ತಲೆಗೆ ಬಣ್ಣ ಹಚ್ಚಿದಾಗ. ದೀಪಾವಳಿಯ ಎಣ್ಣೆ ಸ್ನಾನದ ನೀರು ಗಿಡಕ್ಕೆ ಕೆಟ್ಟದ್ದಲ್ಲ, ಬಲೆಗೆ ಕೆಟ್ಟದ್ದು. ಮಳೆ ಹಿಡಿದ ಮೇಲೆ, ಅದರಲ್ಲೂ ನಮ್ಮ ಕಡೆ ಜೋರು ಮಳೆಯ ಸೆಪ್ಟೆಂಬರಿನಲ್ಲಿ, ಪೂರ್ತಿ ಗಟಾರಕ್ಕೇ. ಆಗ ಮಣ್ಣಿಗೆ ಬೇಕಿರುವುದು ಬೇಸಿಗೆಯ ಉಪ್ಪನ್ನು ಬೇರಿನ ಕೆಳಗೆ ಇಳಿಸುವ ಶುದ್ಧ ಮಳೆ ನೀರು. ಗುಂಡಿಯಲ್ಲಿ ಬಚ್ಚಲ ನೀರು ತುಂಬಿದ್ದರೆ ಅದಕ್ಕೆ ಜಾಗವಿರುವುದಿಲ್ಲ. ಚಳಿಗಾಲದಲ್ಲಿ ವಾರಕ್ಕೆರಡು ದಿನ ಬಿಡುವು ಕೊಟ್ಟರೆ ಗುಂಡಿ ಒಣಗಿ ಗಾಳಿಯಾಡುತ್ತದೆ. ಏಪ್ರಿಲ್-ಮೇಯಲ್ಲಿ ಚದರ ಮೀಟರ್ ಹಸಿರಿಗೆ ದಿನಕ್ಕೆ 6–7 ಲೀಟರ್ ಆವಿಯಾಗುವಾಗ 120 ಲೀಟರ್ ಸಾಕುವುದು 17–20 ಚದರ ಮೀಟರ್ ಹಸಿರಿಗೆ ಮಾತ್ರ. ಅದಕ್ಕಿಂತ ಹೆಚ್ಚು ಗಿಡ ನೆಡುವ ಆಸೆಯನ್ನು ಮಳೆಗಾಲದಲ್ಲೇ ಹಿಡಿದಿಡಬೇಕು.

ಅಡುಗೆಮನೆಯ ನೀರನ್ನು ಈ ಪೈಪಿಗೆ ಸೇರಿಸಲಿಲ್ಲ. ಎಣ್ಣೆ, ಅನ್ನದ ಅಗಳು, ಸಾರಿನ ಉಪ್ಪು ಮೂರೂ ತೊಂದರೆಯವು. ಅದಕ್ಕೆ ಬೇರೆಯೇ ಜಿಡ್ಡು ಹಿಡಿಯುವ ತೊಟ್ಟಿ ಬೇಕು. ಅಕ್ಕಿ, ಬೇಳೆ, ಕಾಯಿಪಲ್ಯೆ ತೊಳೆದ ನೀರನ್ನು ಪಾತ್ರೆಯಲ್ಲಿ ಹಿಡಿದು ಕರಿಬೇವಿಗೆ ಹಾಕಿದರೆ ದಿನಕ್ಕೆ ನಾಲ್ಕೈದು ಲೀಟರ್ ಆಗುತ್ತದೆ, ಅದಕ್ಕೆ ಯಾವ ನಿಯಮವೂ ಬೇಡ.

ಆರ್‌ಒ ಯಂತ್ರದ ಬಿಟ್ಟ ನೀರಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದು ಕಣ್ಣಿಗೆ ಸ್ವಚ್ಛ, ಆದರೆ ಉಪ್ಪು ಹೆಚ್ಚು. 1,200 ಟಿಡಿಎಸ್ (ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂನಲ್ಲಿ) ಇರುವ ಬೋರಿನ ನೀರನ್ನು ಹಾಕಿ, ನಾಲ್ಕು ಲೀಟರಿಗೆ ಒಂದು ಲೀಟರ್ ಕುಡಿಯುವ ನೀರು ಬಂದರೆ ಉಳಿದ ಮೂರು ಲೀಟರಿನ ಟಿಡಿಎಸ್ 1,550 ದಾಟುತ್ತದೆ. ನೆಲ ಒರೆಸಲು, ಗಾಡಿ ತೊಳೆಯಲು, ಶೌಚಾಲಯಕ್ಕೆ ಸರಿ. ಏರ್ ಕೂಲರಿನ ತೊಟ್ಟಿಯಲ್ಲಿ ವಾರದ ಕೊನೆಗೆ ಉಳಿಯುವ ನೀರೂ ಇಂಥದೇ: ನೀರು ಆವಿಯಾಗಿದೆ, ಉಪ್ಪು ಅಲ್ಲೇ ಇದೆ. ವಾಟರ್ ಸಾಫ್ಟನರ್ ಕೂಡಿಸಿದ ಮನೆಗಳಲ್ಲಿ ಸ್ನಾನದ ನೀರಿನ ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಅಂಥ ಬಚ್ಚಲ ನೀರನ್ನು ಎರೆಮಣ್ಣಿಗೆ ಬಿಡಲೇಬಾರದು. ಏಸಿಯ ನೀರಿನಲ್ಲಿ ಉಪ್ಪೇ ಇಲ್ಲ, ನಿಂಬೆಗೂ ಕುಂಡಗಳಿಗೂ ಅದು ಹೇಳಿ ಮಾಡಿಸಿದ್ದು.

ತೊಂದರೆಯ ಗುರುತುಗಳನ್ನು ಎಲೆ ಹೇಳುತ್ತದೆ. ಹಳೆಯ ಎಲೆಯ ಅಂಚು ಕಂದಾಗಿ ಸುಟ್ಟಂತಾದರೆ ಉಪ್ಪು ಏರಿದೆ. ಎಂಡ್ ಕ್ಯಾಪನ್ನು ಡ್ರಮ್ಮಿನ ಕಡೆ ಹಾಕಿ, ಒಳ್ಳೆಯ ನೀರನ್ನು ಒಂದೇ ಸಲ ಧಾರಾಳವಾಗಿ ಕೊಟ್ಟು, ಹದಿನೈದು ದಿನ ಬಚ್ಚಲ ನೀರು ನಿಲ್ಲಿಸಬೇಕು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕ್ಷಾರದಿಂದ ಕಬ್ಬಿಣ ಸಿಗುತ್ತಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಎರಡು ವಾರದಲ್ಲಿ ಹಸಿರು ಮರಳುತ್ತದೆ. ಗುಂಡಿಯ ನೀರು ಮಧ್ಯಾಹ್ನವೂ ನಿಂತಿದ್ದರೆ ಮೊದಲು ಹೊದಿಕೆ ಎತ್ತಿ ನೋಡಿ. ಕೆಳಗೆ ಕರಿ ಲೋಳೆ ಪದರ ಕಟ್ಟಿದ್ದರೆ ಅದನ್ನು ಕೆರೆದು ಮೂರು ದಿನ ಒಣಗಿಸಿದರೆ ಸಾಕು. ಲೋಳೆ ಇಲ್ಲದೆಯೂ ನೀರು ಇಂಗದಿದ್ದರೆ ಸೋಡಿಯಂ ಕೂತಿದೆ ಎಂದರ್ಥ, ಹೆಂಟೆ ಪರೀಕ್ಷೆ ಮತ್ತೆ ಮಾಡಬೇಕು.

ಪ್ರತಿ ವರ್ಷ ಮೇ ಕೊನೆಗೆ, ಮಳೆಗೆ ಮುಂಚೆ, ಹೊದಿಕೆ ಸರಿಸಿ ಗುಂಡಿಯ ತಳಕ್ಕೆ ಚದರ ಮೀಟರಿಗೆ 400 ಗ್ರಾಂ ಜಿಪ್ಸಂ ಉದುರಿಸಿ ಕೈಗುದ್ದಲಿಯಿಂದ ನಾಲ್ಕು ಬೆರಳು ಆಳಕ್ಕೆ ಬೆರೆಸುತ್ತೇವೆ. ಐದು ಚದರ ಮೀಟರಿಗೆ 2 ಕಿಲೋ. ಕೃಷಿ ಪರಿಕರದ ಅಂಗಡಿಯ ಒಂದು ಚೀಲ ಓಣಿಯ ಹತ್ತು ಹದಿನೈದು ಮನೆಗೆ ಸಾಕು. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ, ಬಿಡಿಸಿದ್ದನ್ನು ಕೆಳಗೆ ತೊಳೆದೊಯ್ಯಲು ಮಳೆ ಬೇಕು. ಅದಕ್ಕೇ ಬೇಸಿಗೆಯ ನಡುವೆ ಹಾಕಿ ಪ್ರಯೋಜನವಿಲ್ಲ. ಮಳೆ ಕೈಕೊಟ್ಟ ವರ್ಷ ಜಿಪ್ಸಂ ಹಾಕಿದ್ದರೂ ಅಕ್ಟೋಬರಿನಲ್ಲಿ ಒಮ್ಮೆ ಹೆಂಟೆಯನ್ನು ನೀರಿಗೆ ಹಾಕಿ ನೋಡಿ, ಮಬ್ಬು ಕಂಡರೆ ಆ ಬೇಸಿಗೆ ಸ್ನಾನದ ನೀರನ್ನಷ್ಟೇ ಬಿಟ್ಟು ಬಟ್ಟೆ ಜಾಲಿಸಿದ ನೀರನ್ನೂ ಗಟಾರಕ್ಕೆ ಕಳಿಸುವುದು.